ತಪ್ಪುಗಳಿಗೆ ಹಾಕಿದ ಸಹಿ

ನನ್ನ ಫೋನಿನಲ್ಲಿ ನಾಲ್ಕು ಸಾಲಿನ ಒಂದು ಇಮೇಲ್ ಇದೆ. ಅದನ್ನು ಅಳಿಸಿಲ್ಲ, ಅಳಿಸುವುದೂ ಇಲ್ಲ. ಸಿಟ್ಟು ಸ್ವಲ್ಪ ಆರಿತು ಅನ್ನಿಸಿದಾಗಲೆಲ್ಲ ತೆಗೆದು ಓದುತ್ತೇನೆ. ಈ ಸ್ಪರ್ಧಿಯ ಟೈಪಿಂಗ್ ಸಹಜವಾಗಿಲ್ಲ, ಉತ್ತರಗಳನ್ನು ಬೇರೆ ಕಡೆಯಿಂದ ನಕಲು ಮಾಡಿರುವ ಅನುಮಾನವಿದೆ, ಆದ್ದರಿಂದ ಅನರ್ಹಗೊಳಿಸಿದ್ದೇವೆ. ಇಂಗ್ಲಿಷಿನಲ್ಲಿದ್ದದ್ದನ್ನು ಕನ್ನಡಕ್ಕೆ ತಂದರೆ ಇಷ್ಟೇ. ಕೊನೆಗೆ, ಮುಂದಿನ ವರ್ಷ ಮತ್ತೆ ಭಾಗವಹಿಸಿ ಎಂದು ಶುಭಾಶಯ ಬೇರೆ.

ಮೊಳಕಾಲ್ಮೂರು ತಾಲ್ಲೂಕಿನ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ನಾನು ಗಣಿತ ಕಲಿಸುತ್ತೇನೆ. ಕಂಪ್ಯೂಟರ್ ಕಲಿಸಲು ಬೇರೆ ಯಾರೂ ಇಲ್ಲವಾದ್ದರಿಂದ ಅದೂ ನನ್ನ ತಲೆಗೇ ಬಂತು. ನಮ್ಮ ಕಂಪ್ಯೂಟರ್ ಕೋಣೆಯಲ್ಲಿ ಹತ್ತು ಯಂತ್ರಗಳಿವೆ. ನಂಬಬಹುದಾದದ್ದು ಒಂದು. ಯುಪಿಎಸ್ ಬ್ಯಾಟರಿ ಸತ್ತು ಯಾವ ಕಾಲವಾಯಿತೋ, ಕರೆಂಟ್ ಹೋದರೆ ಟೈಪ್ ಮಾಡಿದ್ದೆಲ್ಲ ಅದರ ಜೊತೆಗೇ ಹೋಗುತ್ತದೆ. ಅದಕ್ಕೇ ನಾನೊಂದು ಕಾನೂನು ಮಾಡಿದ್ದೆ. ಪ್ರೋಗ್ರಾಂ ಪೂರ್ತಿ ಹಾಳೆಯ ಮೇಲೆ ಬರೆಯಬೇಕು. ಬೆರಳಿಟ್ಟು ಸಾಲುಸಾಲಾಗಿ ಓದಿ, ಯಾವ ಸಾಲಿನಲ್ಲಿ ಯಾವ ಚರಾಕ್ಷರದ ಬೆಲೆ ಎಷ್ಟಾಯಿತು ಎಂದು ಅಂಚಿನಲ್ಲಿ ಗುರುತು ಹಾಕಬೇಕು. ನಾನು ನೋಡಿ ಸಹಿ ಹಾಕಿದ ಮೇಲಷ್ಟೇ ಕೀಲಿಮಣೆ ಮುಟ್ಟಬೇಕು. ಒಬ್ಬರಿಗೆ ಹತ್ತು ನಿಮಿಷ.

ಈ ಕಾನೂನನ್ನು ನನಗಿಂತ ಕಟ್ಟುನಿಟ್ಟಾಗಿ ಪಾಲಿಸಿದವಳು ನಮ್ಮ ತಾಲ್ಲೂಕಿನದೇ ಸಿದ್ದಾಪುರದ ಕಡೆಯಿಂದ ಬರುತ್ತಿದ್ದ ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಹಾಳೆಯ ಮೇಲೆ ಪೈಥಾನ್. ಶೇಂಗಾ ಮಂಡಿಯವರು ಹಂಚುವ ಕ್ಯಾಲೆಂಡರಿನ ಹಳೆಯ ಹಾಳೆಗಳ ಹಿಂಬದಿಯಲ್ಲಿ ಬರೆಯುತ್ತಿದ್ದಳು. ಆ ಹಾಳೆ ನೋಡಿದರೆ ಕೋಳಿ ಕೆದರಿದ ಹಾಗಿರುತ್ತಿತ್ತು, ಹೊಡೆದುಹಾಕಿದ ಅಷ್ಟು ಕಾಟು, ಅಷ್ಟು ಬಾಣದ ಗುರುತು. ಯಂತ್ರದ ಮುಂದೆ ಕೂತಳೆಂದರೆ ಮಾತ್ರ ಒಂದೇ ಉಸಿರಿಗೆ ಟೈಪ್ ಮಾಡಿ ಎದ್ದುಬಿಡುತ್ತಿದ್ದಳು.

ಆ ವರ್ಷ ದೊಡ್ಡ ಊರಿನ ಒಂದು ಸಂಸ್ಥೆ ಶಾಲಾ ಮಕ್ಕಳಿಗೆ ಆನ್‌ಲೈನ್ ಕೋಡಿಂಗ್ ಸ್ಪರ್ಧೆ ನಡೆಸಿತು. ಆಯ್ಕೆಯಾದವರಿಗೆ ಹೈಸ್ಕೂಲು ಮುಗಿಯುವವರೆಗೂ ಒಂದು ಲ್ಯಾಪ್‌ಟಾಪ್. ವಾರಕ್ಕೆ ಹತ್ತು ನಿಮಿಷ ಕಂಪ್ಯೂಟರ್ ಸಿಗುವ ಹುಡುಗಿಗೆ ಅದು ಏನೆಂದು ನಾನು ವಿವರಿಸಬೇಕಿಲ್ಲ. ಅವಳು ಅದನ್ನು ಎಷ್ಟು ಬಯಸಿದ್ದಳೆಂದರೆ ಅದರ ಹೆಸರನ್ನೇ ಎತ್ತುತ್ತಿರಲಿಲ್ಲ.

ಶಾಲೆಯ ನೆಟ್ ನಂಬಿ ಕೂರುವಂತಿರಲಿಲ್ಲ. ಚಳ್ಳಕೆರೆಯ ಒಂದು ಕಂಪ್ಯೂಟರ್ ಸೆಂಟರಿಗೆ ಕರೆದುಕೊಂಡು ಹೋದೆ. ಐದು ಪ್ರಶ್ನೆ, ಎರಡು ಗಂಟೆ, ಎದುರಿಗೆ ಕ್ಯಾಮೆರಾ. ಖಾಲಿ ಹಾಳೆ ಇಟ್ಟುಕೊಳ್ಳಬಹುದು ಎಂದು ನಿಯಮದಲ್ಲೇ ಇತ್ತು. ಪಕ್ಕದಲ್ಲಿ ಊರಿನ ಖಾಸಗಿ ಶಾಲೆಯ ಮಕ್ಕಳು ಮೊದಲ ನಿಮಿಷದಿಂದಲೇ ಟಕಟಕ ಶುರು ಹಚ್ಚಿಕೊಂಡರು. ಇವಳು ಒಂದೂವರೆ ಗಂಟೆ ಕೀಲಿಮಣೆ ಮುಟ್ಟಲಿಲ್ಲ. ಸೆಂಟರಿನವನು ಎರಡು ಸಲ ಹೊರಗೆ ಬಂದು ನನ್ನನ್ನು ಹೆದರಿಸಿದ.

"ಮೇಡಂ, ನಿಮ್ಮ್ ಹುಡುಗಿ ಸುಮ್ನೆ ಬರ್ಕೊಂತ ಕುಂತೈತೆ. ಒಂದ್ ಅಕ್ಷರ ಹೊಡ್ದಿಲ್ಲ ನೋಡ್ರಿ."

ಕೊನೆಯ ಅರ್ಧ ಗಂಟೆಯಲ್ಲಿ ಅವಳು ಐದನ್ನೂ ಟೈಪ್ ಮಾಡಿದಳು. ಐದೂ ಸರಿ. ಬಸ್‌ ಸ್ಟ್ಯಾಂಡಿನಲ್ಲಿ ಇಬ್ಬರೂ ಮಂಡಕ್ಕಿ ಮೆಣಸಿನಕಾಯಿ ತಿಂದೆವು. ಅವಳು ನಕ್ಕಿದ್ದನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು.

ಎಂಟು ದಿನಕ್ಕೆ ಆ ಇಮೇಲ್ ಬಂತು.

ಆ ದಿನ ನಾನು ಮಾಡಿದ್ದನ್ನು ನುಂಗಿಕೊಂಡು ಬರೆದರೆ ಈ ಬರಹಕ್ಕೆ ಅರ್ಥವಿಲ್ಲ. ನಾನು ಮೊದಲು ಸಿಟ್ಟಾದದ್ದು ಸಂಸ್ಥೆಯ ಮೇಲಲ್ಲ, ಹುಡುಗಿಯ ಮೇಲೆ. ಸ್ಟಾಫ್ ರೂಮಿಗೆ ಕರೆಸಿ, ಉಳಿದ ಮೇಷ್ಟ್ರುಗಳು ಕೇಳುವ ಹಾಗೆ, "ಯಾರು ಹೇಳ್ಕೊಟ್ರು ನಿನಗೆ?" ಅಂದೆ. ಅವಳು ಕ್ಲಾಸಿಗೆ ಹೋಗಿ ಬ್ಯಾಗು ತಂದು ಸ್ಪರ್ಧೆಯ ದಿನ ಬರೆದ ಐದು ಕ್ಯಾಲೆಂಡರ್ ಹಾಳೆ ಮೇಜಿನ ಮೇಲಿಟ್ಟಳು. ಕಾಟು, ಬಾಣ, ಅಂಚಿನಲ್ಲಿ ಬೆಲೆಗಳು. ನಾನೇ ಕಲಿಸಿದ ದಾರಿ ನನಗೇ ಗುರುತು ಸಿಕ್ಕಿರಲಿಲ್ಲ. ತಪ್ಪಾಯಿತು ಎಂದು ಹೇಳಬೇಕಿತ್ತು. ನಾವು ಮೇಷ್ಟ್ರುಗಳು ಆ ಮಾತನ್ನು ಮಕ್ಕಳಿಂದ ಹೇಳಿಸುತ್ತೇವೆಯೇ ಹೊರತು ನಾವು ಹೇಳುವುದಿಲ್ಲ.

ಹೇಳದೇ ಉಳಿದ ಆ ಮಾತೆಲ್ಲ ಸಿಟ್ಟಾಗಿ ಸಂಸ್ಥೆಯ ಮೇಲೆ ತಿರುಗಿತು. ಎರಡು ವಾರ ಫೋನು ಹಚ್ಚಿದೆ. ಕೊನೆಗೆ ಸಿಕ್ಕವನು ಬೆಣ್ಣೆಯಂಥ ದನಿಯವನು. ಹಾಳೆಗಳ ಫೋಟೋ ಕಳಿಸಿದೆ. ಹಾಳೆಯನ್ನು ಆಮೇಲೂ ಬರೆಯಬಹುದಲ್ಲ ಮೇಡಂ, ಎಂದ. ಕ್ಯಾಮೆರಾದಲ್ಲಿ ನೋಡಿ ಎಂದರೆ, ಅದರಲ್ಲಿ ಮುಖವಷ್ಟೇ ಕಾಣುತ್ತದೆ, ಮೇಜು ಕಾಣುವುದಿಲ್ಲ ಎಂದ. ನಮ್ಮ ಒಂದೇ ಯಂತ್ರದ ಕಥೆ ಹೇಳಿದೆ. ಕೇಳಿ ಬೇಜಾರಾಯಿತು ಎಂದ. ಅವನ ಬೇಜಾರನ್ನು ತೆಗೆದುಕೊಂಡು ನಾನೇನು ಮಾಡಲಿ? ಮಕ್ಕಳು ಟೈಪ್ ಮಾಡುತ್ತಲೇ ಯೋಚಿಸುತ್ತಾರೆ, ತಪ್ಪುತ್ತಾರೆ, ಅಳಿಸುತ್ತಾರೆ, ಮತ್ತೆ ಪ್ರೋಗ್ರಾಂ ಓಡಿಸಿ ನೋಡುತ್ತಾರೆ, ಅದು ಸಹಜ ಎಂದು ನನಗೇ ಪಾಠ ಮಾಡಿದ. ಯಾರ ಮನೆಯ ಸಹಜ ಎಂದು ಕೇಳುವಷ್ಟರಲ್ಲಿ, ಇನ್ನೊಂದು ಅವಕಾಶ ಕೊಡುತ್ತೇವೆ ಎಂದ. ಮೂರು ಹೊಸ ಪ್ರಶ್ನೆ, ಕ್ಯಾಮೆರಾದಲ್ಲಿ ಅವರ ಕಣ್ಣೆದುರು, ಹಾಳೆ ಇಲ್ಲದೆ.

ಬೇಡ ಎಂದು ಫೋನು ಇಟ್ಟಿದ್ದರೆ ನನ್ನ ಮಾನ ಉಳಿಯುತ್ತಿತ್ತು, ಅವಳ ಲ್ಯಾಪ್‌ಟಾಪ್ ಹೋಗುತ್ತಿತ್ತು. ಒಪ್ಪಿಕೊಂಡೆ. ಮರುದಿನ ಹುಡುಗಿಯನ್ನು ಕೂರಿಸಿಕೊಂಡು, ತಲೆಯಲ್ಲೇ ಯೋಚನೆ ಮಾಡು, ಆದರೆ ಟೈಪ್ ಮಾಡುವಾಗ ನಡುನಡುವೆ ತಪ್ಪು ಮಾಡಿ ಅಳಿಸು ಎಂದೆ. ಅವಳು ನನ್ನ ಮುಖ ನೋಡಿದಳು.

"ಯಾವ್ ತಪ್ಪು ಮಾಡ್ಬೇಕು ಮಿಸ್?"

ಇಪ್ಪತ್ತು ವರ್ಷ ಪಾಠ ಮಾಡಿದ್ದೇನೆ, ಇಂಥ ಪ್ರಶ್ನೆ ಯಾರೂ ಕೇಳಿರಲಿಲ್ಲ. ಉತ್ತರವನ್ನೂ ಕೊಟ್ಟೆ. ಮೊದಲ ಸಾಲಾದ ಮೇಲೆ ಹತ್ತು ಎಣಿಸು. ಮೂರನೇ ಸಾಲಿನಲ್ಲಿ ಬ್ರಾಕೆಟ್ ಮುಚ್ಚಬೇಡ, ಓಡಿಸು, ಯಂತ್ರ ಕೆಂಪಕ್ಷರದಲ್ಲಿ ಬೈದ ಮೇಲೆ ಮುಚ್ಚು. ಒಂದು ಚರಾಕ್ಷರದ ಹೆಸರನ್ನು ತಪ್ಪು ಬರೆದು ಅಳಿಸು. ಅವಳು ಎಲ್ಲವನ್ನೂ ಕ್ಯಾಲೆಂಡರ್ ಹಾಳೆಯ ಹಿಂದೆ ದುಂಡಗೆ ಬರೆದುಕೊಂಡು, ಅಭ್ಯಾಸದಂತೆ ನನ್ನ ಮುಂದೆ ಹಿಡಿದಳು. ನಾನೂ ಅಭ್ಯಾಸದಂತೆ ಸಹಿ ಹಾಕಿದೆ. ಆ ಹಾಳೆಯಲ್ಲಿ ಒಂದು ಕಾಟೂ ಇರಲಿಲ್ಲ.

ಮತ್ತೆ ಅದೇ ಸೆಂಟರ್. ಗಾಜಿನ ಬಾಗಿಲಾಚೆ ನಿಂತು ನೋಡಿದೆ. ಹತ್ತು ಎಣಿಸುವಾಗ ಅವಳ ತುಟಿ ಅಲುಗುತ್ತಿತ್ತು. ಬೇಕೆಂದೇ ತಪ್ಪು ಮಾಡಿದಳು, ಕೆನ್ನೆಗೆ ಕೈ ಕೊಟ್ಟು ಯೋಚಿಸಿದ ಹಾಗೆ ಮಾಡಿದಳು, ಅಳಿಸಿದಳು. ಕೆನ್ನೆಗೆ ಕೈ ಕೊಡುವುದನ್ನು ನಾನು ಕಲಿಸಿರಲಿಲ್ಲ, ಪಕ್ಕದ ಮಕ್ಕಳನ್ನು ನೋಡಿ ಮೊದಲ ಸಲವೇ ಕಲಿತಿದ್ದಿರಬೇಕು. ಮೂರರಲ್ಲಿ ಎರಡು ಸರಿಯಾದವು. ಹಾಳೆ ಇದ್ದಿದ್ದರೆ ಮೂರೂ ಆಗುತ್ತಿದ್ದವು.

ಸಂಸ್ಥೆಯವರಿಗೆ ತೃಪ್ತಿಯಾಯಿತು. ಈ ಸಲ ಟೈಪಿಂಗ್ ಸಹಜವಾಗಿದೆ ಎಂದು ಬರೆದರು. ಲ್ಯಾಪ್‌ಟಾಪೂ ಬಂತು. ಹೆಡ್‌ಮಾಸ್ಟರು ಪ್ರಾರ್ಥನೆಯ ಸಾಲಿನ ಮುಂದೆ ಅದನ್ನು ಅವಳ ಕೈಗೆ ಕೊಟ್ಟು ಫೋಟೋ ತೆಗೆಸಿಕೊಂಡರು. ಅವಳು ಫೋಟೋದಲ್ಲಿ ನೆಟ್ಟಗೆ ನಿಂತಿದ್ದಾಳೆ.

ಮಧ್ಯಾಹ್ನ ಸ್ಟಾಫ್ ರೂಮಿಗೆ ಬಂದಳು. ಖುಷಿಯಾಯಿತೇನೇ ಎಂದು ಕೇಳಿದೆ. ಅವಳು ಮೇಜಿನ ಹತ್ತಿರ ಬಂದು, ಸಣ್ಣ ದನಿಯಲ್ಲಿ, ಉಳಿದವರಿಗೆ ಕೇಳಿಸದ ಹಾಗೆ ಹೇಳಿದಳು. ಅಷ್ಟು ಮರ್ಯಾದೆಯನ್ನು ನಾನು ಅವಳಿಗೆ ಕೊಟ್ಟಿರಲಿಲ್ಲ.

"ಅವತ್ತು ಯಾರು ಹೇಳ್ಕೊಟ್ರು ಅಂತ ಕೇಳಿದ್ರಲ್ಲ ಮಿಸ್. ಅವತ್ತು ಯಾರೂ ಹೇಳ್ಕೊಟ್ಟಿರ್ಲಿಲ್ಲ. ಈ ಸಲ ನೀವು ಹೇಳ್ಕೊಟ್ರಿ."

ಮಡಚಿದ ಕ್ಯಾಲೆಂಡರ್ ಹಾಳೆಯನ್ನು ನನ್ನ ಮುಂದಿಟ್ಟು ಕ್ಲಾಸಿಗೆ ಹೋದಳು. ಮಾಡಬೇಕಾದ ತಪ್ಪುಗಳೆಲ್ಲ ಒಂದರ ಕೆಳಗೊಂದು ದುಂಡಗೆ ಇದ್ದವು, ಕೊನೆಯಲ್ಲಿ ನನ್ನ ಸಹಿ.