ಎಲ್ಲರೂ ಒಪ್ಪಿದ ಮನವಿ

ಲೇಖಕರ ಸಂಘ ಹುಟ್ಟಿದ್ದು ಚಪ್ಪಲಿ ಅಂಗಡಿಯ ಮಹಡಿಯ ಮೇಲೆ. ಇಡೀ ದೇಶದ ಸಂಘವೆಂದು ಬೋರ್ಡು ಬರೆಸಿದ್ದರು. ಒಳಗೆ ಒಂದು ಉದ್ದ ಮೇಜು, ಒಂದಕ್ಕೊಂದು ಹೊಂದದ ಕುರ್ಚಿಗಳು, ಮೂಲೆಯಲ್ಲೊಂದು ಟೈಪ್‌ರೈಟರ್. ಅದರ ಮುಂದೆ ಕೂತವಳು ಸದಸ್ಯರಲ್ಲಿ ಹಲವರಿಗೆ ಮಗಳ ವಯಸ್ಸಿನವಳು. ಆದರೂ ದೊಡ್ಡ ದೊಡ್ಡ ಕಾದಂಬರಿಕಾರರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು.

ಸಂಘಕ್ಕೊಂದು ನಿಯಮವಿತ್ತು. ಸಂಘದ ಹೆಸರಿನಲ್ಲಿ ಹೊರಗೆ ಹೋಗುವ ಯಾವ ಮಾತನ್ನೂ ಪ್ರತಿಯೊಬ್ಬ ಸದಸ್ಯನೂ ಓದಿ, ತಿದ್ದಿ, ಒಪ್ಪಬೇಕು. ಹಿಂದೆ ಇದ್ದ ಸಂಘ ಒಡೆದದ್ದೇ ಯಾರೋ ಒಬ್ಬರು ಎಲ್ಲರ ಪರವಾಗಿ ಹೇಳಿಕೆ ಕೊಟ್ಟದ್ದರಿಂದ. ಹೀಗಾಗಿ ಯಾರದಾದರೂ ಹುಟ್ಟುಹಬ್ಬಕ್ಕೆ ಬರೆದ ಶುಭಾಶಯ ತಿದ್ದಿಸಿಕೊಂಡು ಹೊರಡುವಷ್ಟರಲ್ಲಿ ಹುಟ್ಟುಹಬ್ಬವೇ ಮುಗಿದಿರುತ್ತಿತ್ತು. ಅಕ್ಕ ನಗುತ್ತಲೇ ಮತ್ತೆ ಟೈಪ್ ಮಾಡುತ್ತಿದ್ದಳು. ಆ ಜಗಳಗಂಟರನ್ನು ಕಂಡರೆ ಅವಳಿಗೆ ನಿಜಕ್ಕೂ ಅಕ್ಕರೆ.

ಅವಳಿಗಿದ್ದದ್ದು ಒಬ್ಬನೇ ತಮ್ಮ. ಅಪ್ಪ ಅಮ್ಮ ಹೋದ ಮೇಲೆ ಹೊಟ್ಟೆ ಬಟ್ಟೆ ಕಟ್ಟಿ ಸಾಕಿದವಳು ಅವಳೇ. ಅವನು ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸುವವನು. ಸಂಘದ ಪತ್ರಿಕೆಯ ಅಕ್ಷರವೆಲ್ಲ ಅವನ ಕೈಯದೇ. ಯುದ್ಧ ಬಂತು. ಕಿಟಕಿಗಳಿಗೆ ಕಪ್ಪು ಕಾಗದ ಬಂತು. ಯುದ್ಧ ಬೇಡವೆಂದು ಸಂಘದ ಅಧ್ಯಕ್ಷರು ಬರೆದ ಲೇಖನ ಪತ್ರಿಕೆಯಲ್ಲಿ ಬಂದ ವಾರವೇ ಪೊಲೀಸರು ಪ್ರೆಸ್ಸಿಗೆ ನುಗ್ಗಿದರು. ಅಧ್ಯಕ್ಷರ ಹೆಸರು ದೊಡ್ಡದು, ಅವರನ್ನು ಮುಟ್ಟಲಿಲ್ಲ. ಮೊಳೆ ಜೋಡಿಸಿದವನನ್ನು ಎಳೆದೊಯ್ದರು.

ಸಂಘ ಮನವಿ ಕೊಟ್ಟರೆ ಬಿಟ್ಟಾರು ಎಂದು ಜೈಲಿನ ಅಧಿಕಾರಿಯೇ ಅಕ್ಕನಿಗೆ ಹೇಳಿದ್ದ. ತಡವಾದರೆ ಗಡಿಯಲ್ಲಿ ಕಂದಕ ತೋಡಲು ಕಳಿಸುತ್ತಾರೆ ಎಂದೂ ಹೇಳಿದ್ದ. ಅಧ್ಯಕ್ಷರು ನಿಂತ ನಿಲುವಿನಲ್ಲೇ ನಾಲ್ಕು ಸಾಲು ಹೇಳಿದರು, ಅವಳು ಟೈಪ್ ಮಾಡಿದಳು. ಇವನು ತನ್ನ ಕೆಲಸ ಮಾಡಿದ್ದಾನೆ, ತಪ್ಪಿದ್ದರೆ ನಮ್ಮದು, ಇವನನ್ನು ಬಿಡಿ. ಅಷ್ಟೇ. ಸಂಘದ ಮೊಹರು ಅವಳ ಡ್ರಾಯರಿನಲ್ಲೇ ಇತ್ತು.

ಆದರೆ ನಿಯಮವಿತ್ತಲ್ಲ. ಕವಿಗಳಿಗೆ ಆ ನಾಲ್ಕು ಸಾಲು ಅಂಗಲಾಚಿದಂತೆ ಕಂಡವು. ನಾಟಕಕಾರರಿಗೆ ಅವೇ ಸೊಕ್ಕಿನ ಮಾತಾಗಿ ಕೇಳಿಸಿದವು. ವಿಮರ್ಶಕರು ನ್ಯಾಯ ಎಂದರೇನೆಂದು ಒಂದು ಪ್ಯಾರಾ ಸೇರಿಸಿದರು, ಕವಿಗಳು ಅದನ್ನು ಹೊಡೆದುಹಾಕಿದರು. ಯಾರ ಮನಸ್ಸಿನಲ್ಲೂ ಕೇಡಿರಲಿಲ್ಲ. ಹೊಟ್ಟೆ ಉರಿಯುವುದೇ ಅದಕ್ಕೆ. ಆ ಹುಡುಗನಿಗಾಗಿ ಯಾರೂ ಬರೆಯದಂಥ ಮನವಿ ಬರೆಯಬೇಕೆಂದು ಒಬ್ಬೊಬ್ಬರೂ ಜೀವ ತೇಯುತ್ತಿದ್ದರು. ಅಕ್ಕ ಪ್ರತಿ ಕರಡಿನಲ್ಲೂ ತಮ್ಮನ ಹೆಸರನ್ನು ಮತ್ತೆ ಒತ್ತಿದಳು.

ಕೊನೆಗೆ ತಡೆಯಲಾರದೆ ಕೇಳಿದಳು. “ಸಾರ್, ಮೊದಲು ಬರೆದದ್ದನ್ನೇ ಕಳಿಸಿಬಿಡೋಣ. ನಾನೇ ತಗೊಂಡು ಹೋಗಿ ಕೊಡ್ತೀನಿ.”

ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿಕೊಂಡರು. “ನಮ್ಮ ಕಥೆಗಾರರೊಬ್ಬರು ಊರಿಗೆ ಹೋಗಿದ್ದಾರೆ, ಅವರು ಓದೋದು ಬಾಕಿ ಇದೆ. ಅವರನ್ನ ಬಿಟ್ಟು ಕಳಿಸಿದ್ರೆ ಸಂಘ ಉಳಿಯಲ್ಲ. ಸ್ವಲ್ಪ ತಾಳಮ್ಮ.”

ಅವಳು ತಾಳಿದಳು. ಕದ್ದು ಮೊಹರು ಒತ್ತುವ ಧೈರ್ಯ ಬರಲಿಲ್ಲ. ಇಷ್ಟು ಓದಿದವರು ತನಗಿಂತ ಬಲ್ಲವರು ಎಂದುಕೊಂಡಳು.

ಕಥೆಗಾರರೂ ಬಂದು ಓದಿದ ಮೇಲೆ, ಎಲ್ಲರೂ ಒಪ್ಪಿದ ಮನವಿಯನ್ನು ಎದೆಗವಚಿಕೊಂಡು ಅವಳು ಜೈಲಿಗೆ ಓಡಿದಾಗ ಗೇಟಿನವನು ತಲೆ ಅಲ್ಲಾಡಿಸಿದ. ಕೈದಿಗಳ ರೈಲು ಹೊರಟುಹೋಗಿತ್ತು. ಚಳಿಗಾಲ ಮುಗಿಯುವ ಮೊದಲೇ ಕಂದಕದ ಮೇಲೆ ಬಾಂಬು ಬಿದ್ದ ಸುದ್ದಿ ಬಂತು, ಸತ್ತವರಲ್ಲಿ ತಮ್ಮನೂ ಇದ್ದ.

ಸಂಘ ಸೇರಿತು. ಈ ಸಲ ಕಥೆಗಾರರೂ ಮೊದಲಿಂದಲೇ ಇದ್ದರು. ಅಧ್ಯಕ್ಷರು ಬಿಕ್ಕುತ್ತ ಬಿಕ್ಕುತ್ತ ಸಂತಾಪದ ಮಾತು ಹೇಳಿದರು, ಅಕ್ಕ ಟೈಪ್ ಮಾಡಿದಳು. ಹಾಳೆ ಮೇಜಿನ ಸುತ್ತ ಕೈಯಿಂದ ಕೈಗೆ ಹೋಯಿತು. ಅಭ್ಯಾಸಬಲದಿಂದ ಅವಳು ಇನ್ನೊಂದು ಹಾಳೆ ಏರಿಸಿಕೊಂಡು ಕಾದು ಕೂತಳು. ಸುತ್ತಿ ವಾಪಸು ಬಂದ ಹಾಳೆಯಲ್ಲಿ ಯಾರೂ ಒಂದಕ್ಷರವನ್ನೂ ತಿದ್ದಿರಲಿಲ್ಲ.