ಕೆಂಚಮ್ಮನ ರಕ್ತದೊಳಗಿನ ಮದ್ದು

ರೇಷ್ಮೆಹುಳು ಸಾಕುವುದರಲ್ಲಿ ವಿರೂಪಾಕ್ಷಿಪುರದ ಕೆಂಚಮ್ಮನ ಕೈಗುಣವೆಂದರೆ ಸುತ್ತಮುತ್ತಲೆಲ್ಲ ಹೆಸರು. ಕೀಲುವಾತ ಹಿಡಿದ ಮೇಲೆ ಆ ಬೆರಳುಗಳು ಮುದುರತೊಡಗಿದವು, ಆದರೂ ಅವಳು ಹುಳು ಬಿಡಲಿಲ್ಲ. ಇಂಜೆಕ್ಷನ್ ಶುರುವಾಗಿ ಎರಡು ವರ್ಷವಾದರೂ ನೋವು ಇದ್ದ ಹಾಗೇ ಇತ್ತು, ಬೆರಳುಗಳು ಮುದ್ದೆ ಮುರಿಯಲೂ ಬಾರದಾದವು.

"ಮದ್ದು ನಾಟ್ತಿಲ್ಲ ಕಣವ್ವ," ಎಂದು ಮಗಳು ದಿವ್ಯಳಿಗೆ ಹೇಳಿ ಹೇಳಿ ಬಾಯಿ ಸೋತಿತ್ತು. ಇಂಥ ಮದ್ದುಗಳನ್ನು ರಕ್ತದಲ್ಲಿ ಅಳೆಯುವುದೇ ದಿವ್ಯಳ ಕಸುಬು, ಬಿಡದಿಯ ಲ್ಯಾಬೊಂದರಲ್ಲಿ. ಆಸ್ಪತ್ರೆಯ ರಿಪೋರ್ಟು ನೋಡಿ, "ರಕ್ತದ ತುಂಬ ಮದ್ದೈತೆ, ಸುಮ್ನೆ ನರಳ್ಬ್ಯಾಡ" ಎಂದು ಗದರಿದ್ದಳು. ಓದಿದವರಿಗೆ ಕಾಗದದ ಮೇಲಿರುವ ನಂಬಿಕೆ ಹೆತ್ತವಳ ಮೇಲೆ ಇರುವುದಿಲ್ಲ, ಏನು ಮಾಡೋಣ.

ಐಬಿದ್ದದ್ದು ಆಸ್ಪತ್ರೆಯ ಆ ಹಳೆಯ ಪರೀಕ್ಷೆಯಲ್ಲೇ. ಹಾಜರಿ ಹಾಕಿದವರೆಲ್ಲ ದುಡಿಯುತ್ತಿದ್ದಾರೆಂದು ನಂಬುವ ಮೇಸ್ತ್ರಿಯ ಹಾಗೆ ಅದು ಮದ್ದನ್ನು ಎಣಿಸುತ್ತಿತ್ತು, ಅಷ್ಟೇ. ದಿವ್ಯಳ ತಂಡ ರೂಪಿಸುತ್ತಿದ್ದುದು ಬೇರೆ ಬಗೆಯದು. ಪ್ಲೇಟಿನ ಪುಟ್ಟ ಗುಳಿಗಳ ತಳಕ್ಕೆ ಕೀಲು ಊದಿಸುವ ಪ್ರೋಟೀನನ್ನೇ ಅಂಟಿಸಿಡುತ್ತಾರೆ. ರಕ್ತದಲ್ಲಿರುವ ಮದ್ದಿಗೆ ಇನ್ನೂ ಕಸುವಿದ್ದರೆ ಆ ಪ್ರೋಟೀನನ್ನು ಹಿಡಿದುಕೊಳ್ಳುತ್ತದೆ. ಆಮೇಲೆ ಲ್ಯಾಬಿನವರು ಹಾಕುವ, ಮದ್ದನ್ನು ಗುರುತಿಸಿ ಬಣ್ಣ ಬರಿಸುವ ಪ್ರತಿಕಾಯ ಅದರ ಮೇಲೆ ಕೂತು ಗುಳಿ ಹಳದಿಯಾಗುತ್ತದೆ. ವೈದ್ಯರು ಕಳಿಸಿದ ರೋಗಿಗಳ ರಕ್ತದ ಜೊತೆಗೆ ತಾಯಿಯದನ್ನೂ ದಿವ್ಯ ಕೇಳಿ ತಂದು ಹಾಕಿದಳು. ಬೇರೆ ಗುಳಿಗಳೆಲ್ಲ ಹಳದಿಯಾದವು. ಕೆಂಚಮ್ಮನದು ನೀರಿನಂತೆಯೇ ಉಳಿಯಿತು. ಇನ್ನೊಮ್ಮೆ ಮಾಡಿದರೂ ಅದೇ. ಮೈಯೇ ಮದ್ದನ್ನು ಶತ್ರುವೆಂದು ತಿಳಿದು, ತಾನೇ ಪ್ರತಿಕಾಯ ಹುಟ್ಟಿಸಿ, ಮದ್ದಿನ ಕೈ ಕಟ್ಟಿಹಾಕಿತ್ತು. ಬಿಟ್ಟು ಬಿಟ್ಟು ಇಂಜೆಕ್ಷನ್ ತೆಗೆದುಕೊಳ್ಳುವವರಲ್ಲಿ ಹೀಗಾಗುವುದು ಹೆಚ್ಚು.

ಭಾನುವಾರ ಊರಿಗೆ ಹೋದವಳೇ, "ಇಂಜೆಕ್ಷನ್ ಏನಾರ ತಪ್ಪಿಸಿದ್ಯಾ ಅವ್ವ?" ಎಂದಳು.

"ಮನೇಲಿ ಹುಳ ಇದ್ದಾಗ ಹೆಂಗೆ ಚುಚ್ಚಿಸ್ಕಳದು? ಸ್ಪಿರಿಟ್ ವಾಸ್ನೆ ಹೊತ್ಕೊಂಡು ಒಳಕ್ಕೋದ್ರೆ ಹುಳ ಉಳೀತಾವಾ? ಗೂಡು ಕಟ್ಟಿದ್ ಮ್ಯಾಲೆ ಚುಚ್ಚಿಸ್ಕತಿದ್ದೆ."

ಪೌಡರು ಹಚ್ಚಿಕೊಂಡವರನ್ನೂ ಹುಳುವಿನ ಹತ್ತಿರ ಸುಳಿಯಗೊಡದ ಮನೆಯಲ್ಲಿ ಹುಟ್ಟಿ ಬೆಳೆದವಳಿಗೆ ಇದು ಹೊಳೆಯಬೇಕಿತ್ತು. ಹೊಳೆದಿರಲಿಲ್ಲ. ದಿವ್ಯಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

"ಇನ್ಮ್ಯಾಕೆ ತಪ್ಸಲ್ಲ ಕಣವ್ವ," ಎಂದಳು ಕೆಂಚಮ್ಮ. "ನೀನು ರಕ್ತ ತಗೊಂಡೋದ್ ಮ್ಯಾಲೆ, ತಪ್ಸಿದ್ದಕ್ಕೇ ಹಿಂಗಾಯ್ತೇನೋ ಅಂತ ನಂಗೇ ಅನುಮಾನ ಬಂತು. ಹುಳದ ಸವಾಸನೇ ಬ್ಯಾಡ ಅಂತ ಹುಳ ಮೇಯೋ ತಟ್ಟೆ, ಗೂಡು ಕಟ್ಟೋ ಚಂದ್ರಿಕೆ ಎಲ್ಲಾನೂ ಪಕ್ಕದ್ಮನೆ ಮುನಿಶಾಮಯ್ಯಂಗೆ ಕೊಟ್ಬುಟ್ಟೆ. ಸರಿಯಾಗಿ ಚುಚ್ಚಿಸ್ಕಂಡ್ರೆ ಬೆರಳು ಬಿಡ್ತವೆ ಅಲ್ವಾ?"

ಆ ಮದ್ದು ಇನ್ನು ಅವಳಿಗೆ ನಾಟುವಂತಿರಲಿಲ್ಲ. ಬೇರೆ ಮದ್ದು ಕೊಟ್ಟರೆ ನೋವು ಒಂದಿಷ್ಟು ತಗ್ಗೀತು. ಬೆಸೆದುಹೋದ ಗೆಣ್ಣುಗಳು ಮಾತ್ರ ಬಿಡುವುದಿಲ್ಲ. ದಿವ್ಯ ಏನನ್ನೂ ಮುಚ್ಚಿಡದೆ ಹೇಳಿದಳು.

ಕೆಂಚಮ್ಮ ತನ್ನ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡಳು.

"ನಾಟ್ತಿಲ್ಲ ಅಂತ ನಾನು ಮೊದ್ಲು ಅಂದ್ನಲ್ಲ, ಆಗ್ಲೇ ನೀನು ನಂಬಿದ್ದಿದ್ರೆ?"

"ಬೆರಳು ಉಳೀತಿದ್ವು ಅವ್ವ," ಎಂದಳು ದಿವ್ಯ.