ಪ್ಲಗ್ ಕೀಳುವ ತಬಸ್ಸುಮ್

ಬೆಳಗಿನ ಐದೂವರೆ. ಬಳ್ಳಾರಿ ಗಾಂಧಿನಗರದಲ್ಲಿ ಕಂಪ್ಯೂಟರ್ ಆಟ ತಯಾರಿಸುವ ಕಂಪನಿಯೊಂದರ ಮಹಡಿ ಕೋಣೆಯಲ್ಲಿ ತಬಸ್ಸುಮ್ ಪರದೆಯ ಮೇಲೆ ಲಾರಿ ಓಡಿಸುತ್ತಿದ್ದಾರೆ. ಅದಿರು ತುಂಬಿದ ಲಾರಿ ಹದಿನೇಳನೇ ಹಂತ ದಾಟುತ್ತದೆ. ಪರದೆಯ ಮೂಲೆಯಲ್ಲಿ ‘ಉಳಿಸಲಾಗುತ್ತಿದೆ’ ಎಂದು ಮೂಡಿದ್ದೇ ತಡ, ಬಗ್ಗಿ ಗೋಡೆಯ ಪ್ಲಗ್ಗನ್ನು ಕಿತ್ತೇಬಿಡುತ್ತಾರೆ. ಪರದೆ ಕಪ್ಪಾಗುತ್ತದೆ. ಮತ್ತೆ ಸಿಕ್ಕಿಸಿ, ಕಂಪ್ಯೂಟರ್ ಏಳುವ ತನಕ ಕಾದು, ಆಟ ತೆರೆಯುತ್ತಾರೆ. ಲಾರಿ ಇದ್ದಲ್ಲೇ ಇದೆ. ಮತ್ತೆ ಕೀಳುತ್ತಾರೆ.

“ಆರೂವರಿಗೆ ಲೋಡ್‌ಶೆಡ್ಡಿಂಗ್ ಸರ್. ಕರೆಂಟ್ ತಾನಾಗೇ ಹೋಗೋದ್ರೊಳಗ ನಾನೇ ತೆಗೆದು ನೋಡಬೇಕು” ಎಂದು ನಗುತ್ತಾರೆ. ದಿನಕ್ಕೆ ಮೂವತ್ತು ಸಲ ಕೀಳುತ್ತಾರೆ. ಎಂಟು ತಿಂಗಳಿಂದ ಇದೇ ಕೆಲಸ.

ಬ್ರೂಸ್‌ಪೇಟೆಯ ಇಪ್ಪತ್ನಾಲ್ಕರ ಈ ಹೆಣ್ಣುಮಗಳು ಡಿಪ್ಲೊಮಾ ಓದಿದ್ದಾರೆ. ತಾಯಿ ಮಾಸುಮಾಬಿ ಮನೆಯಲ್ಲೇ ಜೀನ್ಸ್ ಪ್ಯಾಂಟಿಗೆ ಜೇಬು ಹೊಲಿಯುತ್ತಾರೆ. ಆಡುವವರು ಎಷ್ಟು ಹಂತ ದಾಟಿದರು, ಲಾರಿಯಲ್ಲಿ ಡೀಸೆಲ್ ಎಷ್ಟು ಉಳಿದಿದೆ ಎಂಬುದನ್ನೆಲ್ಲ ಫೈಲಿಗೆ ಬರೆದಿಡುವುದು, ಮರುದಿನ ಅದನ್ನೇ ಓದಿ ಬಿಟ್ಟ ಜಾಗಕ್ಕೆ ತಂದು ನಿಲ್ಲಿಸುವುದು, ಇವೆರಡನ್ನೂ ಆಟಕ್ಕೆ ಕಲಿಸಿದವರು ತಬಸ್ಸುಮ್ ಒಬ್ಬರೇ.

ಆಟ ಮುಗಿದಾಗ ಪರದೆಯ ಮೇಲೆ ಹದಿನಾರು ಹೆಸರು ಬರುತ್ತವೆ. ಮಾಲೀಕರದು, ಅವರ ಭಾವಮೈದುನನದು, ಕೊನೆಗೆ ಕಚೇರಿ ಪೂಜೆಗೆ ಬಂದು ಹರಸಿ ಹೋದ ದೊಡ್ಡ ಮನುಷ್ಯರದೂ ಇದೆ. ತಬಸ್ಸುಮ್ ಹೆಸರಿಲ್ಲ. ಸೋಮವಾರ ಎರಡನೇ ಸಿ.ಡಿ. ಅಚ್ಚಿಗೆ ಹೋಗುತ್ತದೆ. ನನ್ನ ಹೆಸರು ಸೇರಿಸಿ ಎಂದು ಮೂರು ಸಲ ಕೇಳಿದ್ದಾರೆ, ಮೂರು ಸಲವೂ ‘ನೋಡೋಣ’ ಎಂಬ ಉತ್ತರ ಸಿಕ್ಕಿದೆ. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಸೇರಿಕೊಂಡ ಗಾದೆ ನಮಗೆ ಹೊಸದಲ್ಲ, ಆದರೂ ಇದನ್ನು ಬರೆಯುವಾಗ ನನಗೆ ಮೈ ಉರಿಯುತ್ತಿದೆ.

“ಬ್ಯಾರೆ ಕಡಿ ಕೆಲಸ ಕೇಳಾಕ ಹೋದ್ರ, ನೀನು ಮಾಡಿದ್ದಕ್ಕ ಗುರುತೇನು ಅಂತಾರ. ಏನು ತೋರಿಸಲಿ ಸರ್?” ಎನ್ನುತ್ತಾರೆ ಅವರು.

ತಮ್ಮ ತಪ್ಪನ್ನು ಅವರು ಮುಚ್ಚಿಡುವುದಿಲ್ಲ. ಮೊದಲ ಸಿ.ಡಿ. ಹೊರಬಂದ ಹದಿನೈದೇ ದಿನಕ್ಕೆ, ಸಿರುಗುಪ್ಪದಲ್ಲಿ ನಾಲ್ಕು ಕಂಪ್ಯೂಟರಿನ ಗೇಮ್ ಅಂಗಡಿ ಇಟ್ಟಿರುವ ಚಿನ್ನಪ್ಪ ಬಸ್ಸು ಹತ್ತಿ ಬಂದಿದ್ದರಂತೆ. “ಏನಮ್ಮಾ, ಹುಡುಗರು ಮೂವತ್ತೆಂಟು ಹಂತ ಆಡಿದ್ರು. ಕರೆಂಟ್ ಹೋಗಿ ಬಂದ್ರ ಒಂದನೇದ್ರಿಂದ ಶುರು ಮಾಡು ಅಂತೈತಿ. ನನ್ನ ಅಂಗಡಿಗೆ ಕಲ್ಲು ಹೊಡೀತಾರ!” ಎಂದು ಅವರು ಮುಂದಿಟ್ಟ ಪೆನ್‌ಡ್ರೈವಿನಲ್ಲಿದ್ದ ಫೈಲು ಖಾಲಿಯಾಗಿತ್ತು.

“ತಪ್ಪು ನಂದೇ. ಹಳೇದನ್ನ ಅಳಿಸಿ ಅದೇ ಜಾಗದಾಗ ಹೊಸಾದು ಬರೀತಿತ್ತು. ನಡುವ ಕರೆಂಟ್ ಹೋದ್ರ ಹಳೇದೂ ಇಲ್ಲ, ಹೊಸಾದೂ ಇಲ್ಲ. ನಮ್ಮ ಆಫೀಸ್ನಾಗ ಯು.ಪಿ.ಎಸ್. ಐತಿ, ಸಿರುಗುಪ್ಪದಾಗ ಇಲ್ಲ. ಅದು ನನ್ನ ತಲ್ಯಾಗ ಬರಲೇ ಇಲ್ಲ. ಈಗ ಯು.ಪಿ.ಎಸ್. ಬಿಟ್ಟು ನೇರ ಗೋಡೆಗೇ ಸಿಕ್ಕಿಸೀನಿ.”

ದಾರಿ ಸಿಕ್ಕಿದ್ದು ಮನೆಯಲ್ಲಿ. ಜೇಬಿನ ಅಳತೆಯ ರಟ್ಟು ಸವೆದಾಗ ಮಾಸುಮಾಬಿ ಹೊಸದನ್ನು ಕತ್ತರಿಸುತ್ತಾರೆ. ಅದರಿಂದ ಒಂದು ಜೇಬು ಹೊಲಿದು, ಸರಿಬಂತೆಂದು ನೋಡುವ ತನಕ ಹಳೆಯದನ್ನು ಎಸೆಯುವುದಿಲ್ಲ. ಮಗಳು ಆಟಕ್ಕೂ ಅದನ್ನೇ ಕಲಿಸಿದರು. ಈಗ ಅದು ಹೊಸ ಫೈಲನ್ನು ಬೇರೆಯಾಗಿ ಬರೆದು, ಓದಿ ನೋಡಿ, ಸರಿಯಿದ್ದರೆ ಮಾತ್ರ ಹಳೆಯದರ ಜಾಗಕ್ಕೆ ತರುತ್ತದೆ. ಹಳೆಯದೂ ಪಕ್ಕದಲ್ಲೇ ಉಳಿದಿರುತ್ತದೆ. ಹೊಸದು ಕೆಟ್ಟರೆ ಆಟ ಹಳೆಯದನ್ನು ತೆರೆಯುತ್ತದೆ.

ಕುರುಗೋಡಿನ ಸುಂಕಮ್ಮನವರ ಅಂಗಡಿಯಲ್ಲಿ ಇದರ ಪರೀಕ್ಷೆ ಎರಡು ತಿಂಗಳಿಂದ ನಡೆದಿದೆ. ಒಬ್ಬರ ಆಟವೂ ಹಾಳಾಗಿಲ್ಲ. “ಮೊದಲು ಕರೆಂಟ್ ಹೋದ್ರ ನನಗ ಬಯ್ತಿದ್ರು. ಈಗ ಎದ್ದು ಚಾ ಕುಡಿಯಾಕ ಹೋಗ್ತಾರ, ಬಂದು ಮತ್ತ ಆಡ್ತಾರ” ಎನ್ನುತ್ತಾರೆ ಸುಂಕಮ್ಮ.

ಮಾಲೀಕರನ್ನೂ ಕಂಡೆ. ಅದಿರಿನ ಲಾರಿಗಳಿಂದ ಬಂದ ದುಡ್ಡಿನಲ್ಲಿ ಈ ಕಂಪನಿ ಕಟ್ಟಿದವರು. “ಕಣ್ಣಿಗೆ ಕಾಣೋದು ಆಕಿ ಏನು ಮಾಡ್ಯಾಳ ಹೇಳ್ರಿ? ಲಾರಿ ಚಿತ್ರ ಬರದೋನ ಹೆಸರು ಹಾಕೀವಿ. ಹಾರ್ನ್ ರೆಕಾರ್ಡ್ ಮಾಡಿದೋನ್ದೂ ಹಾಕೀವಿ” ಎಂದರು.

ಹಾರ್ನ್ ಹೊಡೆದವನಿಗೆ ಹೆಸರುಂಟು, ಆಟವನ್ನು ನೆನಪಿಟ್ಟವಳಿಗಿಲ್ಲ! ತಬಸ್ಸುಮ್ ಅವರ ಕೆಲಸ ಕಣ್ಣಿಗೆ ಬೀಳುವುದು ಕೆಟ್ಟಾಗ ಮಾತ್ರ, ಸ್ವಾಮಿ. ಮೊದಲ ಸಿ.ಡಿ. ಕೆಟ್ಟಾಗ ಎಲ್ಲರ ಮುಂದೆ ತಬಸ್ಸುಮ್ ಎಂದು ಕೂಗಿ ಬೈಯುವುದಕ್ಕೆ ನಿಮಗೆ ಆ ಹೆಸರು ಚೆನ್ನಾಗಿಯೇ ನೆನಪಿತ್ತಲ್ಲ. ಹೀಗೆಂದು ಮಾಲೀಕರನ್ನು ಕೇಳಿದ್ದೇ ತಡ, ಅವರು ಫೋನ್ ಬಂತೆಂದು ಎದ್ದು ಹೋದರು.

ನನ್ನ ಸಿಟ್ಟು ಇಳಿದಿರಲಿಲ್ಲ. ಆಟ ಬರೆಯುವ ಪ್ರತಿ ಫೈಲಿನೊಳಗೂ ನಿಮ್ಮ ಹೆಸರನ್ನು ನೀವೇ ಸೇರಿಸಿಬಿಡಿ, ಯಾರು ನೋಡುತ್ತಾರೆ ಎಂದು ತಬಸ್ಸುಮ್ ಅವರಿಗೆ ಹೇಳಿದೆ.

“ಹಾಕಬಹುದು ಸರ್, ಒಂದು ಸಾಲಿನ ಕೆಲಸ. ಆದ್ರ ಆ ಫೈಲು ಆಡೋರದು, ನಂದಲ್ಲ” ಎಂದು ಅವರು ಪ್ಲಗ್ಗಿಗೆ ಕೈ ಹಾಕಿದರು. “ಮಾಡಿದ ಕೆಲಸಕ್ಕ ಹೆಸರು ಕದ್ದು ಯಾಕ ಬರೀಲಿ? ಸೋಮವಾರ ನಾಲ್ಕನೇ ಸಲ ಕೇಳ್ತೀನಿ.”